ವಾರದ ಪಾಠ, ಮಗುವಿನ ಪ್ರಶ್ನೆ

ಒಂದು ಶನಿವಾರ ಬೆಳಿಗ್ಗೆ ಮುಂಬೈಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಯಾವ ಪಾಠ ಓದುತ್ತಾರೋ, ಅದೇ ದಿನ ಜೆರುಸಲೇಮ್, ನ್ಯೂಯಾರ್ಕ್, ಬ್ಯೂನಸ್ ಐರಿಸ್‌ಗಳಲ್ಲಿ ಓದುವುದೂ ಹೆಚ್ಚುಕಡಿಮೆ ಅದೇ ಪಾಠವನ್ನು. ಇದಕ್ಕಾಗಿ ಯಾರೂ ಸುತ್ತೋಲೆ ಹೊರಡಿಸುವುದಿಲ್ಲ. ಯಾವ ವಾರ ಎಲ್ಲಿಂದ ಎಲ್ಲಿಯವರೆಗೆ ಓದಬೇಕು ಎಂಬುದನ್ನು ಪಂಚಾಂಗವೇ ಗೊತ್ತುಮಾಡಿರುತ್ತದೆ. ಆ ವಾರ ಶಾಲೆಯಲ್ಲಿ ಆರು ವರ್ಷದ ಮಗು ಬಣ್ಣ ಹಚ್ಚುವ ಚಿತ್ರ ಆ ಪಾಠದ್ದು. ಮನೆಯಲ್ಲಿ ಅಜ್ಜ ಕನ್ನಡಕ ಏರಿಸಿಕೊಂಡು ಓದುವ ವ್ಯಾಖ್ಯಾನವೂ ಆ ಪಾಠದ್ದೇ.

ಯಹೂದಿಗಳು ತೋರಾ ಎಂದು ಕರೆಯುವ ಐದು ಪುಸ್ತಕಗಳು ನಮ್ಮ ಓದುಗರಿಗೆ ತೀರ ಅಪರಿಚಿತವೇನಲ್ಲ. ಕ್ರೈಸ್ತರ ಬೈಬಲ್ಲಿನ ಮೊದಲ ಐದು ಪುಸ್ತಕಗಳೂ ಇವೇ. ಕನ್ನಡ ಬೈಬಲ್ಲಿನಲ್ಲಿ ಇವಕ್ಕೆ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂಬ ಹೆಸರುಗಳಿವೆ. ಜಗತ್ತಿನ ಸೃಷ್ಟಿಯಿಂದ ಆರಂಭವಾಗಿ ಮೋಶೆಯ ಮರಣದೊಂದಿಗೆ ಇವು ಮುಗಿಯುತ್ತವೆ.

ಆದರೆ ಇವು ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲ. ನಾಲ್ಕನೆಯ ಅಧ್ಯಾಯದಲ್ಲೇ ಅಣ್ಣ ತಮ್ಮನನ್ನು ಕೊಲ್ಲುತ್ತಾನೆ. ಸ್ವಲ್ಪ ಮುಂದೆ ಹೋದರೆ ಜಗತ್ತೇ ನೀರಿನಲ್ಲಿ ಮುಳುಗುತ್ತದೆ. ತಂದೆ ಮಗನ ಮೇಲೆ ಕತ್ತಿ ಎತ್ತುತ್ತಾನೆ, ಅಣ್ಣಂದಿರು ತಮ್ಮನನ್ನು ಮಾರಿಬಿಡುತ್ತಾರೆ. ನಡುವೆ ಬಲಿಯ ವಿಧಿಗಳು, ಚರ್ಮರೋಗದ ಲಕ್ಷಣಗಳು, ಗುಡಾರದ ಅಳತೆಗಳು ಪುಟಗಟ್ಟಲೆ ಬರುತ್ತವೆ. ಇಂಥದ್ದನ್ನು ಏಳು ವರ್ಷದ ಮಗುವಿನ ಕೈಗೆ ಕೊಡುವುದು ಹೇಗೆ? ಸಿಹಿ ಬೆರೆಸಿ ಕೊಡಬೇಕೆ? ಕಷ್ಟದ ಕಡೆ ಹಾರಿಸಿ ಓದಬೇಕೆ? ಅಥವಾ ಇದ್ದುದನ್ನು ಇದ್ದಹಾಗೆ ಓದಿ, ಮಗು ಕೇಳುವ ಪ್ರಶ್ನೆಗೆ ಎದುರಾಗಬೇಕೆ? ಎರಡು ಸಾವಿರ ವರ್ಷಗಳಿಂದ ಯಹೂದಿ ತಂದೆತಾಯಿ, ಶಿಕ್ಷಕರು ಈ ಮೂರನ್ನೂ ಮಾಡುತ್ತ ಬಂದಿದ್ದಾರೆ. ಆದರೆ ಹೆಚ್ಚು ಬಾಳಿ ಬಂದದ್ದು ಮೂರನೆಯ ದಾರಿ.

ಐವತ್ತನಾಲ್ಕು ಭಾಗಗಳು

ತೋರಾವನ್ನು 54 ಭಾಗಗಳಾಗಿ ವಿಂಗಡಿಸಲಾಗಿದೆ. ಹೀಬ್ರೂ ಭಾಷೆಯಲ್ಲಿ ಒಂದು ಭಾಗಕ್ಕೆ ‘ಪರಾಶಾ’ ಎನ್ನುತ್ತಾರೆ. ಆದಿಕಾಂಡದಲ್ಲಿ 12, ವಿಮೋಚನಕಾಂಡದಲ್ಲಿ 11, ಯಾಜಕಕಾಂಡ ಮತ್ತು ಅರಣ್ಯಕಾಂಡದಲ್ಲಿ ತಲಾ 10, ಧರ್ಮೋಪದೇಶಕಾಂಡದಲ್ಲಿ 11. ಭಾಗದ ಆರಂಭದಲ್ಲಿ ಬರುವ ಮುಖ್ಯ ಪದವೇ ಆ ಭಾಗದ ಹೆಸರು. ಎಲ್ಲ ಭಾಗಗಳೂ ಒಂದೇ ಉದ್ದದವಲ್ಲ. ಅತಿ ದೊಡ್ಡದರಲ್ಲಿ 176 ವಚನಗಳಿದ್ದರೆ ಅತಿ ಚಿಕ್ಕದರಲ್ಲಿ ಇರುವುದು 30 ಮಾತ್ರ.

ಯಹೂದಿ ಪಂಚಾಂಗದಲ್ಲಿ ಕೆಲವು ವರ್ಷಗಳಿಗೆ ಅಧಿಕ ಮಾಸ ಬರುತ್ತದೆ. 19 ವರ್ಷಗಳಲ್ಲಿ ಏಳು ಬಾರಿ. ಅಧಿಕ ಮಾಸವಿಲ್ಲದ ವರ್ಷದಲ್ಲಿ ಶನಿವಾರಗಳು ಸಾಲುವುದಿಲ್ಲ. ಹಾಗಾಗಿ ಕೆಲವು ಭಾಗಗಳನ್ನು ಜೋಡಿ ಮಾಡಿ ಒಂದೇ ವಾರ ಓದುತ್ತಾರೆ. ವರ್ಷಕ್ಕೊಮ್ಮೆ ಇಡೀ ತೋರಾ ಮುಗಿಸುವ ಈ ಪದ್ಧತಿ ಬ್ಯಾಬಿಲೋನಿನ ಯಹೂದಿಗಳದ್ದು. ಪ್ಯಾಲೆಸ್ಟೈನಿನಲ್ಲಿ ಹಿಂದೆ ಮೂರು ವರ್ಷಗಳ ಸುಮಾರಿಗೆ ಒಂದು ಸುತ್ತು ಮುಗಿಸುವ ಕ್ರಮವಿತ್ತು. ಕಾಲಕ್ರಮದಲ್ಲಿ ಬ್ಯಾಬಿಲೋನಿನ ಪದ್ಧತಿಯೇ ಉಳಿಯಿತು.

ಸಿನಗಾಗ್‌ನಲ್ಲಿ ಓದುವುದು ಅಚ್ಚಾದ ಪುಸ್ತಕದಿಂದಲ್ಲ, ಕೈಯಲ್ಲಿ ಬರೆದ ಚರ್ಮದ ಸುರುಳಿಯಿಂದ. ಅದರಲ್ಲಿ ಸ್ವರಚಿಹ್ನೆಗಳಿಲ್ಲ, ರಾಗದ ಗುರುತುಗಳಿಲ್ಲ, ವಿರಾಮ ಚಿಹ್ನೆಗಳೂ ಇಲ್ಲ. ಓದುವವನು ಇವೆಲ್ಲವನ್ನೂ ಮೊದಲೇ ಕಲಿತು ಬಂದಿರಬೇಕು. ಬೆರಳು ತಾಗದಂತೆ, ತುದಿಯಲ್ಲಿ ಪುಟ್ಟ ಕೈಯ ಆಕಾರವಿರುವ ಕಡ್ಡಿಯಿಂದ ಸಾಲು ತೋರಿಸುತ್ತ ಓದುತ್ತಾರೆ. ಮೊದಲ ಬಾರಿ ಬಂದ ಮಕ್ಕಳ ಕಣ್ಣು ಬೀಳುವುದು ಸಾಮಾನ್ಯವಾಗಿ ಆ ಕಡ್ಡಿಯ ಮೇಲೆ.

ಜೇನು ಸವರಿದ ಅಕ್ಷರ

ಮಕ್ಕಳಿಗೆ ತೋರಾ ಕಲಿಸುವ ಹೊಣೆ ಮೊದಲಿಗೆ ತಂದೆಯದಾಗಿತ್ತು. ಅದು ಏಕೆ ಸಾಲದಾಯಿತು ಎಂಬುದನ್ನು ಯಹೂದಿಗಳ ಮಹಾ ಚರ್ಚಾಗ್ರಂಥವಾದ ತಾಲ್ಮುದ್ ವಿವರಿಸುತ್ತದೆ. ತಂದೆಯಿದ್ದ ಮಗು ಕಲಿಯಿತು, ತಂದೆಯಿಲ್ಲದ ಮಗು ಕಲಿಯದೆ ಉಳಿಯಿತು. ಆಗ ಜೆರುಸಲೇಮಿನಲ್ಲಿ ಶಿಕ್ಷಕರನ್ನು ನೇಮಿಸಿದರು. ಆದರೂ ದೂರದ ಅನಾಥ ಮಕ್ಕಳನ್ನು ಅಲ್ಲಿಗೆ ಕರೆತರುವವರು ಯಾರು? ಮುಂದೆ ಪ್ರಾಂತ್ಯಗಳಲ್ಲೂ ಶಿಕ್ಷಕರನ್ನಿಟ್ಟು ಹದಿನಾರು, ಹದಿನೇಳರ ಹುಡುಗರನ್ನು ಸೇರಿಸಿಕೊಂಡರು. ಮೇಷ್ಟ್ರು ಸಿಟ್ಟಾದರೆ ಆ ಹುಡುಗರು ಎದ್ದು ಹೊರಟೇಬಿಡುತ್ತಿದ್ದರಂತೆ! ಕೊನೆಗೆ ಯೆಹೋಶುವ ಬೆನ್ ಗಮ್ಲಾ ಎಂಬ ಮಹಾಯಾಜಕ ಪ್ರತಿ ಊರಿನಲ್ಲೂ ಶಿಕ್ಷಕರಿರಬೇಕು, ಆರೇಳು ವರ್ಷಕ್ಕೇ ಮಕ್ಕಳು ಸೇರಬೇಕು ಎಂದು ಕಟ್ಟಳೆ ಮಾಡಿದ. ಇದು ಕ್ರಿಸ್ತಶಕ ಮೊದಲ ಶತಮಾನದ ಮಾತು.

ಒಬ್ಬ ಶಿಕ್ಷಕನಿಗೆ 25 ಮಕ್ಕಳು, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಶಿಕ್ಷಕರು ಎಂಬ ಲೆಕ್ಕವನ್ನೂ ತಾಲ್ಮುದ್ ಕೊಡುತ್ತದೆ. ದೇವಾಲಯ ಕಟ್ಟುವ ಕೆಲಸಕ್ಕಾಗಿ ಕೂಡ ಶಾಲಾ ಮಕ್ಕಳ ಪಾಠ ನಿಲ್ಲಿಸಬಾರದು ಎಂಬ ಮಾತೂ ಅದರಲ್ಲಿದೆ. ಜೆರುಸಲೇಮಿನ ದೇವಾಲಯ ಕ್ರಿಸ್ತಶಕ 70ರಲ್ಲಿ ರೋಮನ್ನರ ಕೈಯಲ್ಲಿ ನಾಶವಾಯಿತು. ಆಮೇಲೆ ಆ ಸಮುದಾಯದ ಕೈಯಲ್ಲಿ ಉಳಿದದ್ದು ಪುಸ್ತಕ ಮತ್ತು ಅದನ್ನು ಓದಬಲ್ಲ ಮಕ್ಕಳು. ಈ ಹಿನ್ನೆಲೆಯಲ್ಲಿ ನೋಡಿದರೆ ಆ ಕಟ್ಟಳೆಗಳ ತೂಕ ಅರ್ಥವಾಗುತ್ತದೆ.

ಮಧ್ಯಯುಗದ ಜರ್ಮನಿ ಮತ್ತು ಉತ್ತರ ಫ್ರಾನ್ಸಿನಲ್ಲಿ, ನಮ್ಮ ಅಕ್ಷರಾಭ್ಯಾಸವನ್ನು ನೆನಪಿಸುವ ಒಂದು ಆಚರಣೆಯಿತ್ತು. ತೋರಾ ದೊರೆತ ದಿನವೆಂದು ಆಚರಿಸುವ ಶಾವೂಓತ್ ಹಬ್ಬದಂದು ಮಗುವಿಗೆ ಬಟ್ಟೆ ಹೊದಿಸಿ ಎತ್ತಿಕೊಂಡು ಗುರುವಿನ ಬಳಿಗೆ ತರುತ್ತಿದ್ದರು. ಹಲಗೆಯ ಮೇಲೆ ಬರೆದ ಅಕ್ಷರಗಳನ್ನು ಗುರು ಓದಿಸುತ್ತಿದ್ದ. ಬಳಿಕ ಅದರ ಮೇಲೆ ಜೇನು ಸವರುತ್ತಿದ್ದರು, ಮಗು ನೆಕ್ಕುತ್ತಿತ್ತು.

ಓದಿಗೆ ತೊಡಗಿದ ಮಗುವಿಗೆ ಮೊದಲು ಕಲಿಸುತ್ತಿದ್ದುದು ಸೃಷ್ಟಿಯ ಕಥೆಯನ್ನಲ್ಲ, ಬಲಿಯ ವಿಧಿಗಳಿರುವ ಯಾಜಕಕಾಂಡವನ್ನು! ಮಕ್ಕಳು ಶುದ್ಧರು, ಬಲಿಯೂ ಶುದ್ಧ, ಆದ್ದರಿಂದ ಶುದ್ಧರು ಶುದ್ಧವಾದುದರಿಂದಲೇ ಆರಂಭಿಸಲಿ ಎಂಬುದು ಇದಕ್ಕೆ ಹಳೆಯ ಗುರುಗಳು ಕೊಟ್ಟ ಕಾರಣ. ಆ ಪುಸ್ತಕದ ಮೊದಲ ಪದದ ಕೊನೆಯ ಅಕ್ಷರ ‘ಆಲೆಫ್’. ಸುರುಳಿಯಲ್ಲಿ ಅದನ್ನು ಉಳಿದ ಅಕ್ಷರಗಳಿಗಿಂತ ಚಿಕ್ಕದಾಗಿ ಬರೆಯುವುದು ಸಂಪ್ರದಾಯ. ಏಕೆ ಚಿಕ್ಕದು ಎಂದು ಮಗು ಕೇಳದೆ ಇರದು. ದೇವರು ತನ್ನನ್ನು ಕರೆದನೆಂದು ಬರೆಯಲು ಮೋಶೆ ನಾಚಿಕೊಂಡ, ಅದಕ್ಕೇ ಅಕ್ಷರವನ್ನು ಕುಗ್ಗಿಸಿದ ಎಂಬುದು ಒಂದು ಉತ್ತರ. ಆಲೆಫ್ ಎಂದರೆ ಹೀಬ್ರೂ ವರ್ಣಮಾಲೆಯ ಮೊದಲ ಅಕ್ಷರ, ಚಿಕ್ಕವರು ಮೊದಲು ಕಲಿಯುವ ಅಕ್ಷರ, ಆದ್ದರಿಂದ ಅದೂ ಚಿಕ್ಕದು ಎಂಬುದು ಇನ್ನೊಂದು.

ಎಲ್ಲ ಕಡೆಯೂ ಜೇನೇ ಇತ್ತೆಂದು ಭಾವಿಸಬೇಕಾಗಿಲ್ಲ. ಪೂರ್ವ ಯುರೋಪಿನ ‘ಹೇದರ್’ ಎಂಬ ಒಂದೇ ಕೋಣೆಯ ಮಠಗಳಲ್ಲಿ ಮಕ್ಕಳು ಪದಕ್ಕೆ ಪದ ಯಿದ್ದಿಷ್ ಭಾಷೆಗೆ ತಿರುಗಿಸುತ್ತ ಗಟ್ಟಿಯಾಗಿ ಉರುಹೊಡೆಯುತ್ತಿದ್ದರು. ಚಾವಟಿ ಹಿಡಿದ ಗುರುವಿನ ಚಿತ್ರ ಅಲ್ಲಿ ಓದಿದವರ ಆತ್ಮಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉರುಹೊಡೆಯುವುದೋ, ಕೇಳಿ ತಿಳಿಯುವುದೋ ಎಂಬ ಜಗಳ ಯಹೂದಿ ಶಾಲೆಗಳಲ್ಲಿ ಇಂದಿಗೂ ಮುಗಿದಿಲ್ಲ.

ಬಿಟ್ಟ ಜಾಗದಲ್ಲಿ

ತೋರಾದ ಕಥನ ಬಹಳ ಮಿತಭಾಷಿ. ಪಾತ್ರಗಳ ಮುಖ ಹೇಗಿತ್ತು, ಮನಸ್ಸಿನಲ್ಲಿ ಏನಿತ್ತು ಎಂದು ಅದು ಹೇಳುವುದು ಅಪರೂಪ. ಮಕ್ಕಳಿಗೆ ದಾರಿ ತೆರೆಯುವುದು ಈ ಮೌನವೇ.

ಕಾಯಿನ ಮತ್ತು ಹೇಬೆಲರ ಕಥೆ ನೋಡಿ. ಅಣ್ಣ ತಮ್ಮನೊಡನೆ ಮಾತನಾಡಿದ ಎಂದು ಹೀಬ್ರೂ ಪಾಠ ಹೇಳುತ್ತದೆ. ಏನು ಮಾತನಾಡಿದ ಎಂಬುದಿಲ್ಲ. ಮುಂದಿನ ಕ್ಷಣಕ್ಕೆ ಇಬ್ಬರೂ ಹೊಲದಲ್ಲಿದ್ದಾರೆ, ಕೊಲೆ ನಡೆಯುತ್ತದೆ. ಹಳೆಯ ಕಾಲದ ಕೆಲವು ಅನುವಾದಕರು ಹೊಲಕ್ಕೆ ಹೋಗೋಣವೆಂದು ಅಣ್ಣ ಕರೆದನೆಂಬ ಮಾತು ಸೇರಿಸಿ ಆ ಖಾಲಿ ಜಾಗ ತುಂಬಿದರು. ಹೀಬ್ರೂ ಸುರುಳಿ ಮಾತ್ರ ಅದನ್ನು ಖಾಲಿಯಾಗಿಯೇ ಉಳಿಸಿಕೊಂಡಿದೆ. ಅಲ್ಲಿ ಏನು ಮಾತು ನಡೆದಿರಬಹುದು ಎಂದು ಎಂಟು ವರ್ಷದ ಮಕ್ಕಳನ್ನು ಕೇಳಿದರೆ ಪ್ರತಿಯೊಬ್ಬರಲ್ಲೂ ಒಂದು ಉತ್ತರವಿರುತ್ತದೆ. ಅಣ್ಣತಮ್ಮಂದಿರ ಜಗಳ ಅವರಿಗೆ ಗೊತ್ತಿಲ್ಲದ ವಿಷಯವಲ್ಲ.

ಹಿಂದಿನ ಗುರುಗಳು ಮಾಡಿದ್ದೂ ಇದನ್ನೇ. ‘ಮಿದ್ರಾಶ್’ ಎಂದು ಕರೆಯುವ ಅವರ ವಿವರಣೆಗಳಲ್ಲಿ ಈ ಜಗಳಕ್ಕೆ ಹಲವು ಕಾರಣಗಳಿವೆ. ಒಂದರ ಪ್ರಕಾರ ಇಬ್ಬರೂ ಜಗತ್ತನ್ನು ಪಾಲು ಮಾಡಿಕೊಂಡರು. ನೆಲವೆಲ್ಲ ಒಬ್ಬನಿಗೆ, ಚರ ಸ್ವತ್ತೆಲ್ಲ ಇನ್ನೊಬ್ಬನಿಗೆ. ಆಮೇಲೆ ಒಬ್ಬ ನೀನು ನಿಂತಿರುವ ನೆಲ ನನ್ನದು ಎಂದ, ಇನ್ನೊಬ್ಬ ನೀನು ಉಟ್ಟಿರುವ ಬಟ್ಟೆ ನನ್ನದು ಎಂದ. ಇನ್ನೊಂದು ವಿವರಣೆಯಲ್ಲಿ ಜಗಳ ದೇವಾಲಯ ಯಾರ ಜಾಗದಲ್ಲಿ ಏಳಬೇಕು ಎಂಬುದಕ್ಕೆ. ಮತ್ತೊಂದರಲ್ಲಿ ಹೆಣ್ಣಿಗಾಗಿ. ಆಸ್ತಿ, ಧರ್ಮ, ಹೆಣ್ಣು: ಜಗತ್ತಿನ ಜಗಳಗಳ ಪಟ್ಟಿಯೇ ಅಲ್ಲಿದೆ.

ಕೆಲವೊಮ್ಮೆ ಒಂದು ಪದವೇ ಸಾಕಾಗುತ್ತದೆ. ನದಿಯಲ್ಲಿ ತೇಲಿಬಂದ ಬುಟ್ಟಿಯಲ್ಲಿ ಶಿಶು ಮೋಶೆಯನ್ನು ಕಂಡ ಫರೋಹನ ಮಗಳು ಅದನ್ನು ತರಲು ತನ್ನ ದಾಸಿಯನ್ನು ಕಳುಹಿಸಿದಳು. ಇಲ್ಲಿ ದಾಸಿ ಎಂಬರ್ಥ ಕೊಡುವ ಹೀಬ್ರೂ ಪದವನ್ನು ತೋಳು ಎಂದೂ ಓದಲು ಬರುತ್ತದೆ. ಹಾಗೆ ಓದಿದವರು ಅವಳು ಚಾಚಿದ ತೋಳೇ ಉದ್ದವಾಗಿ ಬುಟ್ಟಿಯನ್ನು ಮುಟ್ಟಿತೆಂದು ಕಥೆ ಕಟ್ಟಿದರು. ಸಣ್ಣ ಮಕ್ಕಳಿಗೆ ಇದಕ್ಕಿಂತ ಇಷ್ಟವಾಗುವ ದೃಶ್ಯ ಇನ್ನೊಂದಿಲ್ಲ. ದೊಡ್ಡ ಮಕ್ಕಳು ಎರಡೂ ಅರ್ಥಗಳನ್ನು ಇಟ್ಟು ಯಾವುದು ಸರಿ ಎಂದು ವಾದಿಸುತ್ತಾರೆ.

ಇಲ್ಲಿ ಒಂದು ಅಪಾಯವೂ ಇದೆ. ಬಾಲಕ ಅಬ್ರಹಾಮ ತನ್ನ ತಂದೆ ತೆರಹನ ಅಂಗಡಿಯ ವಿಗ್ರಹಗಳನ್ನು ಒಡೆದು, ಕೊಡಲಿಯನ್ನು ದೊಡ್ಡ ವಿಗ್ರಹದ ಕೈಗೆ ಕೊಟ್ಟು, ಅದೇ ಒಡೆಯಿತೆಂದು ಹೇಳಿದ ಕಥೆ ಯಹೂದಿ ಮಕ್ಕಳಿಗೆಲ್ಲ ಗೊತ್ತು. ಆದರೆ ಅದು ತೋರಾದಲ್ಲಿಲ್ಲ! ತೋರಾದಲ್ಲಿ ದೇವರ ಕರೆ ಬಂದು ಊರು ಬಿಡುವಾಗ ಅಬ್ರಹಾಮನಿಗೆ 75 ವರ್ಷ. ಅವನನ್ನೇ ಏಕೆ ಆರಿಸಿದ ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ವಿಗ್ರಹದ ಕಥೆ. ಮೂಲ ಯಾವುದು, ಮಿದ್ರಾಶ್ ಯಾವುದು ಎಂದು ಹೇಳದೆ ಕಲಿಸಿದರೆ ಮಗು ಮುಂದೆ ಮೂಲ ತೆರೆದಾಗ ತನ್ನನ್ನು ಮೋಸಗೊಳಿಸಿದರೆಂದು ಭಾವಿಸಬಹುದು. ಪ್ರಶ್ನೆಯನ್ನು ಮೊದಲು ಕೇಳಿಸಿ, ಉತ್ತರವಾಗಿ ಕಥೆ ಹೇಳಿದರೆ ಈ ತೊಡಕಿಲ್ಲ.

ಅಜ್ಜನಿಗೆ ಎದುರಾಡಿದ ಮೊಮ್ಮಗ

ತೋರಾ ಓದುವ ಮಕ್ಕಳು ಮೂಲದ ಜೊತೆಗೇ ಕಲಿಯುವ ಹೆಸರು ರಾಶಿ. ಫ್ರಾನ್ಸಿನ ಟ್ರ್ವಾ ಪಟ್ಟಣದ ಈ ಪಂಡಿತ ಬದುಕಿದ್ದು 1040ರಿಂದ 1105ರವರೆಗೆ. ಅವನ ವ್ಯಾಖ್ಯಾನ ಚಿಕ್ಕದು, ಸರಳ. ತಾರೀಖು ನಮೂದಾಗಿರುವ ಅಚ್ಚಾದ ಹೀಬ್ರೂ ಪುಸ್ತಕಗಳಲ್ಲಿ ತೀರ ಹಳೆಯದು 1475ರಲ್ಲಿ ಇಟಲಿಯಲ್ಲಿ ಬಂದ ಈ ವ್ಯಾಖ್ಯಾನವೇ.

ರಾಶಿ ಪ್ರಶ್ನೆಯನ್ನು ಬರೆಯುವುದಿಲ್ಲ, ಉತ್ತರವನ್ನಷ್ಟೇ ಬರೆಯುತ್ತಾನೆ. ಆದ್ದರಿಂದ ತರಗತಿಯಲ್ಲಿ ಶಿಕ್ಷಕರು ಮೊದಲು ಕೇಳುವುದು, ರಾಶಿಗೆ ಇಲ್ಲಿ ತೊಡಕಾಗಿ ಕಂಡದ್ದು ಏನು ಎಂದು. ಹತ್ತು ವರ್ಷದ ಹುಡುಗಿ ಉತ್ತರದಿಂದ ಹಿಂದಕ್ಕೆ ನಡೆದು ಪ್ರಶ್ನೆಯನ್ನು ಹುಡುಕಬೇಕು. ಒಂದು ಪದ ಎರಡು ಸಲ ಬಂದಿದೆಯೇ? ವಾಕ್ಯದ ಅನುಕ್ರಮ ತಪ್ಪಿದೆಯೇ? ಇರಬೇಕಾದ ಮಾತು ಇಲ್ಲವೇ? ಹೀಗೆ ಹುಡುಕುವಾಗ ಅವಳು ಪ್ರತಿ ಪದವನ್ನೂ ನಿಧಾನವಾಗಿ ಓದುವುದನ್ನು ಕಲಿಯುತ್ತಾಳೆ.

ರಾಶಿಯ ಮಗಳ ಮಗ ಸಾಮ್ಯುಯೆಲ್ ಬೆನ್ ಮೇಯಿರ್ ಕೂಡ ವ್ಯಾಖ್ಯಾನ ಬರೆದ. ಅನೇಕ ಕಡೆ ಅಜ್ಜ ಹೇಳಿದ್ದು ಮೂಲದ ನೇರ ಅರ್ಥವಲ್ಲವೆಂದು ವಾದಿಸಿದ. ತಾನು ಅಜ್ಜನೊಡನೆ ಎದುರಿಗೇ ಚರ್ಚಿಸಿದ್ದಾಗಿಯೂ, ಬಿಡುವಿದ್ದಿದ್ದರೆ ಹೊಸ ವ್ಯಾಖ್ಯಾನ ಬರೆಯಬೇಕಾಗಿತ್ತೆಂದು ಅಜ್ಜ ಒಪ್ಪಿಕೊಂಡದ್ದಾಗಿಯೂ ಅವನೇ ದಾಖಲಿಸಿದ್ದಾನೆ. ಹಲವು ವ್ಯಾಖ್ಯಾನಗಳನ್ನು ಒಟ್ಟಿಗೆ ಅಚ್ಚುಹಾಕುವ ಆವೃತ್ತಿಗಳಲ್ಲಿ ಅಜ್ಜ, ಮೊಮ್ಮಗ ಇಬ್ಬರೂ ಒಂದೇ ಪುಟದಲ್ಲಿದ್ದಾರೆ. ಹಿರಿಯರ ಮಾತನ್ನು ಗೌರವಿಸುತ್ತಲೇ ಒಪ್ಪದಿರಬಹುದು ಎಂಬುದನ್ನು ಆ ಪುಟದ ವಿನ್ಯಾಸವೇ ಮಗುವಿಗೆ ಹೇಳುತ್ತದೆ.

ಅಂಚೆಯಲ್ಲಿ ಬಂದ ಪ್ರಶ್ನೆಗಳು

ಇಪ್ಪತ್ತನೆಯ ಶತಮಾನದಲ್ಲಿ ಈ ಪದ್ಧತಿಗೆ ಹೊಸ ಜೀವ ಕೊಟ್ಟವರು ನೆಹಾಮಾ ಲೈಬೋವಿಟ್ಸ್. 1905ರಲ್ಲಿ ರೀಗಾದಲ್ಲಿ ಹುಟ್ಟಿದ ಇವರು ಜರ್ಮನಿಯಲ್ಲಿ ಓದಿ, 1930ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಜೆರುಸಲೇಮಿಗೆ ಬಂದು ನೆಲೆಸಿದರು. ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. 1942ರಲ್ಲಿ ವಾರದ ಭಾಗದ ಮೇಲೆ ಒಂದು ಹಾಳೆ ಪ್ರಶ್ನೆಗಳನ್ನು ಸಿದ್ಧಪಡಿಸಿ ಹಂಚತೊಡಗಿದರು. ಹಾಳೆಯಲ್ಲಿ ಉತ್ತರವಿರುತ್ತಿರಲಿಲ್ಲ. ಕಷ್ಟದ ಪ್ರಶ್ನೆಯ ಮುಂದೆ ಒಂದು ಗುಣಿಸು ಗುರುತು, ಬಹಳ ಕಷ್ಟದ್ದಕ್ಕೆ ಎರಡು.

ಹಾಳೆಗೆ ಬೇಡಿಕೆ ಬೆಳೆಯಿತು. ಶಿಕ್ಷಕರು, ಸೈನಿಕರು, ಕೃಷಿಕರು, ಗೃಹಿಣಿಯರು ಉತ್ತರ ಬರೆದು ಅಂಚೆಯಲ್ಲಿ ಕಳುಹಿಸುತ್ತಿದ್ದರು. ನೆಹಾಮಾ ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದರು. ಸುಮಾರು ಮೂವತ್ತು ವರ್ಷ ಇದು ನಡೆಯಿತು. 1956ರಲ್ಲಿ ಅವರಿಗೆ ಶಿಕ್ಷಣ ಕ್ಷೇತ್ರದ ಇಸ್ರೇಲ್ ಪ್ರಶಸ್ತಿ ಬಂತು. ಮುಂದೆ ಪ್ರೊಫೆಸರ್ ಪದವಿಯೂ ಬಂತು. 1997ರಲ್ಲಿ ತೀರಿಕೊಂಡ ಅವರ ಸಮಾಧಿಯ ಕಲ್ಲಿನಲ್ಲಿ ಹೆಸರಿನ ಜೊತೆಗಿರುವ ವಿಶೇಷಣ ಒಂದೇ: ಶಿಕ್ಷಕಿ.

ಅವರ ಹಾಳೆಗಳು ವಯಸ್ಕರಿಗಾಗಿ ಇದ್ದವು. ಆದರೆ ಅವನ್ನು ಓದಿ ಬೆಳೆದ ಶಿಕ್ಷಕರು ಆ ಕ್ರಮವನ್ನು ಮಕ್ಕಳ ತರಗತಿಗೂ ತಂದರು. ಇಂದು ಅನೇಕ ಯಹೂದಿ ಶಾಲೆಗಳಲ್ಲಿ ಶುಕ್ರವಾರ ಮಗು ಮನೆಗೆ ಹೊರಡುವಾಗ ಚೀಲದಲ್ಲಿ ವಾರದ ಭಾಗದ ಹಾಳೆಯೊಂದು ಇರುತ್ತದೆ.

ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ

ಶುಕ್ರವಾರ ಸೂರ್ಯಾಸ್ತಕ್ಕೆ ಸಬ್ಬತ್ ಆರಂಭ. ಮೇಣದ ಬತ್ತಿ ಹಚ್ಚಿ, ದ್ರಾಕ್ಷಾರಸ ಮತ್ತು ರೊಟ್ಟಿಯ ಮೇಲೆ ಪ್ರಾರ್ಥನೆ ಹೇಳಿ ಮನೆಮಂದಿಯೆಲ್ಲ ಊಟಕ್ಕೆ ಕೂರುತ್ತಾರೆ. ಸಂಪ್ರದಾಯ ಪಾಲಿಸುವ ಮನೆಗಳಲ್ಲಿ ದೂರದರ್ಶನ, ಫೋನು ಬಂದ್. ಮಗು ಹಾಳೆ ತೆಗೆಯುವ ಹೊತ್ತು ಅದು.

ಐದು ವರ್ಷದೊಳಗಿನ ಮಗುವಿಗೆ ಬೇಕಾದದ್ದು ಕೈಗೆ ಸಿಗುವ ವಸ್ತು. ನೋಹನ ನಾವೆಗೆ ಪ್ರಾಣಿಗಳ ಜೋಡಿ, ಯೋಸೇಫನಿಗೆ ಅಂಗಿ ಮಾಡಲು ಒಂದು ಹಳೆಯ ಶಾಲು. ಏಳೆಂಟರ ಮಗುವಿಗೆ ಕಥೆಯ ಪಾತ್ರವಾಗಲು ಇಷ್ಟ. ನೀನು ಮಿರ್ಯಾಮ್ ಆಗಿ ಜೊಂಡಿನ ಮರೆಯಲ್ಲಿ ನಿಂತಿದ್ದರೆ ತಮ್ಮನ ಬುಟ್ಟಿಯನ್ನು ನೋಡುತ್ತ ಏನೆಂದುಕೊಳ್ಳುತ್ತಿದ್ದೆ ಎಂದರೆ ಅದು ಮಾತಿಗೆ ತೊಡಗುತ್ತದೆ. ಹತ್ತು ದಾಟಿದವರಿಗೆ ನ್ಯಾಯ ಅನ್ಯಾಯದ ಪ್ರಶ್ನೆ ಬೇಕು. ಕುರುಡನಾಗಿದ್ದ ತಂದೆಯನ್ನು ವಂಚಿಸಿ ಯಾಕೋಬ ಆಶೀರ್ವಾದ ಪಡೆದದ್ದು ಸರಿಯೇ? ಕುಟುಂಬದ ಮೂಲಪುರುಷನನ್ನೇ ಇಲ್ಲಿ ಕಟಕಟೆಗೆ ನಿಲ್ಲಿಸಬಹುದು, ಯಾರೂ ಗದರುವುದಿಲ್ಲ.

ಒಂದೇ ಭಾಗ ಪ್ರತಿ ವರ್ಷ ಮರಳಿ ಬರುವುದರ ಲಾಭವೂ ಇದೇ. ಪಾಠ ಬದಲಾಗುವುದಿಲ್ಲ, ಮಗು ಬದಲಾಗಿರುತ್ತದೆ. ಕಳೆದ ವರ್ಷ ನಾವೆಯ ಪ್ರಾಣಿಗಳನ್ನು ಎಣಿಸಿದ ಮಗು ಈ ವರ್ಷ ನಾವೆಯ ಹೊರಗಿದ್ದವರ ಗತಿ ಏನಾಯಿತೆಂದು ಕೇಳುತ್ತದೆ.

ಕೇಳದ ಮಗುವಿಗೂ ದಾರಿಯಿದೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ, ಮನೆಯ ಕಿರಿಯ ಮಗು ಪ್ರಶ್ನೆ ಕೇಳಿಯೇ ಆಚರಣೆ ಮುಂದುವರಿಯಬೇಕು. ಅಂದು ಓದುವ ಪುಸ್ತಕದಲ್ಲಿ ನಾಲ್ಕು ಬಗೆಯ ಮಕ್ಕಳ ಪ್ರಸ್ತಾಪವಿದೆ. ಒಬ್ಬ ಜಾಣ, ಒಬ್ಬ ಎದುರಾಡುವವನು, ಒಬ್ಬ ಸರಳ, ನಾಲ್ಕನೆಯವನಿಗೆ ಕೇಳಲೇ ಬಾರದು. ಅವನಿಗಾಗಿ ನೀನೇ ಮಾತು ತೆರೆ ಎಂಬುದು ತಂದೆತಾಯಿಗೆ ಇರುವ ಸೂಚನೆ. ಎದುರಾಡುವವನಿಗೆ ಕಟುವಾದ ಉತ್ತರ ಸಿಗುತ್ತದೆ, ನಿಜ. ಆದರೆ ಅವನನ್ನು ಊಟದ ಪಂಕ್ತಿಯಿಂದ ಎಬ್ಬಿಸುವುದಿಲ್ಲ.

ಕತ್ತಿ ಎತ್ತಿದ ತಂದೆ

ಈ ಎಲ್ಲ ವಿಧಾನಗಳಿಗೂ ನಿಜವಾದ ಪರೀಕ್ಷೆ ಆದಿಕಾಂಡದ ನಾಲ್ಕನೆಯ ಭಾಗ. ಮಗ ಇಸಾಕನನ್ನು ಬಲಿ ಕೊಡಲು ದೇವರ ಅಪ್ಪಣೆಯಾಗುತ್ತದೆ. ಅಬ್ರಹಾಮ ಮರುಮಾತಿಲ್ಲದೆ ಹೊರಡುತ್ತಾನೆ. ಕತ್ತಿ ಎತ್ತಿದಾಗ ದೇವದೂತ ತಡೆಯುತ್ತಾನೆ. ಮಗನ ಬದಲು ಟಗರು ಬಲಿಯಾಗುತ್ತದೆ. ಇದು ಹೊಸ ವರ್ಷದ ಹಬ್ಬದಲ್ಲಿಯೂ ಓದುವ ಪಾಠ. ಬಿಟ್ಟು ಮುಂದೆ ಹೋಗುವಂತಿಲ್ಲ.

ಸಣ್ಣ ಮಗು ಇದನ್ನು ಕೇಳಿದಾಗ ಮೊದಲು ನೋಡುವುದು ತನ್ನ ತಂದೆಯ ಮುಖವನ್ನು. ನನ್ನನ್ನೂ ಹಾಗೆ ಮಾಡುತ್ತೀಯಾ ಎಂಬುದೇ ಅದರ ಪ್ರಶ್ನೆ. ಅಲ್ಲಿ ಪಾಂಡಿತ್ಯ ಕೆಲಸಕ್ಕೆ ಬಾರದು. ಇಲ್ಲ ಎಂಬ ಸ್ಪಷ್ಟ ಉತ್ತರವೇ ಬೇಕು. ದೇವರಿಗೆ ಮಕ್ಕಳ ಬಲಿ ಬೇಡವೆಂದು ತಿಳಿಸುವುದೇ ಕಥೆಯ ಕೊನೆ ಎಂಬ ವಿವರಣೆಯನ್ನು ಅನೇಕ ಶಿಕ್ಷಕರು ಕೊಡುತ್ತಾರೆ. ತೀರ ಚಿಕ್ಕವರಿಗೆ ಈ ಕಥೆ ಈಗಲೇ ಬೇಡ, ಅದೇ ಭಾಗದಲ್ಲಿ ಅಬ್ರಹಾಮ ಮೂವರು ಅತಿಥಿಗಳಿಗೆ ಊಟವಿಕ್ಕಿದ ಪ್ರಸಂಗ ಸಾಕು ಎನ್ನುವವರೂ ಇದ್ದಾರೆ.

ಬೆಳೆದ ಮಕ್ಕಳು ಇದಕ್ಕಿಂತ ದೂರ ಹೋಗುತ್ತಾರೆ. ಅದೇ ವಾರದ ಭಾಗದಲ್ಲಿ, ಕೆಲವೇ ಅಧ್ಯಾಯಗಳ ಹಿಂದೆ, ಸೊದೋಮ್ ಪಟ್ಟಣವನ್ನು ನಾಶಮಾಡಬಾರದೆಂದು ಅಬ್ರಹಾಮ ದೇವರೊಡನೆ ಚೌಕಾಸಿಗೆ ಇಳಿದಿದ್ದ. ಐವತ್ತು ಜನ ಸಜ್ಜನರಿದ್ದರೆ ಎಂದು ಆರಂಭಿಸಿ ಹತ್ತಕ್ಕೆ ಇಳಿಸಿದ್ದ. ಪರರ ಊರಿಗಾಗಿ ಅಷ್ಟು ವಾದಿಸಿದವನು ಸ್ವಂತ ಮಗನಿಗಾಗಿ ಏಕೆ ಬಾಯಿ ತೆರೆಯಲಿಲ್ಲ? ಇದಕ್ಕೆ ಎಲ್ಲರೂ ಒಪ್ಪುವ ಉತ್ತರವಿಲ್ಲ. ಉತ್ತರವಿಲ್ಲವೆಂದು ಒಪ್ಪಿಕೊಳ್ಳುವ ಶಿಕ್ಷಕನನ್ನು ಮಕ್ಕಳು ನಂಬುತ್ತಾರೆ.

ಇಸಾಕನಿಗೆ ಆಗ ವಯಸ್ಸೆಷ್ಟು? ತೋರಾ ಹೇಳುವುದಿಲ್ಲ. ಅವನು ಹುಟ್ಟಿದಾಗ ತಾಯಿ ಸಾರಾಗೆ 90. ಬಲಿಯ ಪ್ರಸಂಗ ಮುಗಿದ ಮೇಲೆ, ಮುಂದಿನ ಅಧ್ಯಾಯದಲ್ಲೇ ಅವಳು 127ನೇ ವಯಸ್ಸಿನಲ್ಲಿ ತೀರಿಕೊಳ್ಳುತ್ತಾಳೆ. ಆ ಸುದ್ದಿ ಕೇಳಿಯೇ ಪ್ರಾಣ ಹೋಯಿತು ಎನ್ನುವ ಮಿದ್ರಾಶ್‌ನಂತೆ ಲೆಕ್ಕ ಹಾಕಿದರೆ ಇಸಾಕನಿಗೆ 37. ಅಂದರೆ ಅವನು ಎದುರಿಸಿ ನಿಲ್ಲಬಲ್ಲ ಗಂಡಸು. ಹನ್ನೆರಡನೆಯ ಶತಮಾನದ ಸ್ಪೇನಿನ ಪಂಡಿತ ಇಬ್ನ್ ಎಜ್ರಾ ಇದನ್ನು ಒಪ್ಪಲಿಲ್ಲ. ಅವನ ಪ್ರಕಾರ ಹುಡುಗನಿಗೆ ಸುಮಾರು ಹದಿಮೂರು. ಒಂದು ಸಂಖ್ಯೆ ಬದಲಾದರೆ ಇಡೀ ಕಥೆಯ ಭಾರ ತಂದೆಯಿಂದ ಮಗನಿಗೆ ಹೇಗೆ ಸರಿಯುತ್ತದೆ ಎಂಬುದನ್ನು ಮಕ್ಕಳು ಕೂಡಿ ಕಳೆದು ಕಂಡುಕೊಳ್ಳಬಹುದು.

ಹೆಣ್ಣುಮಕ್ಕಳ ಸರದಿ

ಇಷ್ಟೆಲ್ಲ ಹೇಳಿದರೂ ಶತಮಾನಗಳ ಕಾಲ ಈ ಪ್ರಶ್ನೆ ಕೇಳುವ ಅವಕಾಶ ಮುಖ್ಯವಾಗಿ ಗಂಡುಮಕ್ಕಳಿಗಿತ್ತು. ಪೋಲೆಂಡಿನ ಕ್ರಾಕೋವ್‌ನಲ್ಲಿ ಸಾರಾ ಶೆನಿರೆರ್ ಎಂಬ ದರ್ಜಿ ಹೆಂಗಸು 1917ರಲ್ಲಿ ಹುಡುಗಿಯರಿಗಾಗಿ ಧಾರ್ಮಿಕ ಶಾಲೆ ತೆರೆದರು. ‘ಬೈಸ್ ಯಾಕೊವ್’ ಎಂಬ ಹೆಸರಿನ ಅಂಥ ಶಾಲೆಗಳು ಬಳಿಕ ಅನೇಕ ದೇಶಗಳಿಗೆ ಹಬ್ಬಿದವು. 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ರಬ್ಬಿ ಮೊರ್ದೆಕೈ ಕಪ್ಲಾನ್ ಅವರ ಮಗಳು ಜೂಡಿತ್ ಸಿನಗಾಗ್‌ನಲ್ಲಿ ಎದ್ದುನಿಂತು ವಾರದ ಭಾಗದಿಂದ ಓದಿದಳು. ಸುರುಳಿಯಿಂದಲ್ಲ, ಅಚ್ಚಾದ ಪುಸ್ತಕದಿಂದ. ಆದರೂ ಅಮೆರಿಕದಲ್ಲಿ ಹುಡುಗಿಯ ‘ಬಾತ್ ಮಿಟ್ಸ್ವಾ’ ಆಚರಣೆಗೆ ಅದು ನಾಂದಿಯಾಯಿತು. ಸಂಪ್ರದಾಯಸ್ಥರಲ್ಲಿ ಹುಡುಗಿಯರು ಇಂದಿಗೂ ಸಭೆಯ ಮುಂದೆ ಸುರುಳಿಯಿಂದ ಓದುವುದು ಸಾಮಾನ್ಯವಲ್ಲ, ಸುಧಾರಣಾವಾದಿಗಳಲ್ಲಿ ಓದುತ್ತಾರೆ.

ಕೇಳಿ ಪಡೆದ ಹೆಣ್ಣುಮಕ್ಕಳು ತೋರಾದಲ್ಲೇ ಇದ್ದಾರೆ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ಎಲ್ಲರೆದುರು ಬಂದು ತಂದೆಯ ಪಾಲು ನಮಗೇಕಿಲ್ಲ ಎಂದು ಮೋಶೆಯನ್ನು ಕೇಳಿದರು. ಮೋಶೆಗೆ ಉತ್ತರ ಗೊತ್ತಿರಲಿಲ್ಲ, ದೇವರನ್ನು ಕೇಳಿದ. ಅವರ ಮಾತು ನ್ಯಾಯವೆಂದು ತೀರ್ಪಾಗಿ ಅಂದಿನಿಂದ ಕಾನೂನೇ ಬದಲಾಯಿತು. ಈ ಭಾಗ ಬರುವ ವಾರ ಹುಡುಗಿಯರ ತರಗತಿಯಲ್ಲಿ ಚರ್ಚೆ ಬೇಗ ಮುಗಿಯುವುದಿಲ್ಲ.

ಮರಾಠಿ ಕೀರ್ತನೆ, ಮಲಯಾಳ ಹಾಡು

ಶಾಲೆ, ಹಾಳೆಗಳಿಲ್ಲದ ಕಡೆ ಈ ಕಥೆಗಳು ಮಕ್ಕಳ ಕಿವಿ ಮುಟ್ಟಿದ ಬಗೆಗೆ ನಮ್ಮ ದೇಶದ ಪಶ್ಚಿಮ ಕರಾವಳಿಯಲ್ಲಿ ಒಳ್ಳೆಯ ನಿದರ್ಶನಗಳಿವೆ. ಕೊಂಕಣ ಮತ್ತು ಮುಂಬೈಯ ಬೆನೆ ಇಸ್ರೇಲ್ ಯಹೂದಿಗಳ ಮಾತು ಮರಾಠಿ. ಹೀಬ್ರೂ ಬಲ್ಲವರು ಅವರಲ್ಲಿ ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅವರು ಸುತ್ತಲಿನ ಹಿಂದೂಗಳ ಕೀರ್ತನ ಪದ್ಧತಿಯನ್ನೇ ತೆಗೆದುಕೊಂಡು ಅಬ್ರಹಾಮ, ಯೋಸೇಫ, ಮೋಶೆಯರ ಚರಿತ್ರೆಗಳನ್ನು ಮರಾಠಿಯಲ್ಲಿ ಹಾಡಿ, ಅರ್ಥ ಹೇಳಿ ನಡೆಸತೊಡಗಿದರು. ನಮ್ಮ ಹರಿಕಥೆ ಕೇಳಿದವರಿಗೆ ಅದರ ಸ್ವರೂಪ ಕಣ್ಣಿಗೆ ಕಟ್ಟುತ್ತದೆ.

ಕೊಚ್ಚಿಯ ಯಹೂದಿ ಹೆಂಗಸರು ಮದುವೆ, ಹಬ್ಬಗಳಲ್ಲಿ ಮಲಯಾಳದಲ್ಲಿ ಹಾಡುತ್ತಿದ್ದ ಹಾಡುಗಳಲ್ಲಿಯೂ ತೋರಾದ ಪ್ರಸಂಗಗಳಿದ್ದವು. ನೋಟ್ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ತಾಯಿಯಿಂದ ಮಗಳಿಗೆ ಅವು ಬಂದವು. 1950ರ ದಶಕದಲ್ಲಿ ಆ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ಹೊರಟಾಗ ನೋಟ್ ಪುಸ್ತಕಗಳೂ ಜೊತೆಗೆ ಹೋದವು. ವಿದ್ವಾಂಸರು ಅವನ್ನು ಸಂಗ್ರಹಿಸಿ, ಹಾಡಬಲ್ಲ ವೃದ್ಧೆಯರಿಂದ ಹಾಡಿಸಿ ಉಳಿಸಿದ್ದಾರೆ.

ತನ್ನದೇ ಆದ ಒಂದು ವಾರ

ಹುಡುಗನಿಗೆ ಹದಿಮೂರು ತುಂಬಿದಾಗ ‘ಬಾರ್ ಮಿಟ್ಸ್ವಾ’. ಅಂದು ಸಭೆಯ ಮುಂದೆ ಓದುವುದು, ಅನೇಕ ಕಡೆ ಆ ಭಾಗದ ಮೇಲೆ ಚಿಕ್ಕ ಭಾಷಣ ಮಾಡುವುದು ವಾಡಿಕೆ. ಭಾಗವನ್ನು ಸಾಮಾನ್ಯವಾಗಿ ಹುಟ್ಟುಹಬ್ಬವೇ ನಿರ್ಧರಿಸುತ್ತದೆ. ಅದೃಷ್ಟವಿದ್ದವರಿಗೆ ಕೆಂಪು ಸಮುದ್ರ ಸೀಳಿದ ಕಥೆ. ವಸಂತದಲ್ಲಿ ಹುಟ್ಟಿದ ಕೆಲವರಿಗೆ ಚರ್ಮರೋಗದ ಅಧ್ಯಾಯಗಳು! ಮೈಮೇಲೆ ಮಚ್ಚೆ ಕಂಡವರನ್ನು ಯಾಜಕ ಪರೀಕ್ಷಿಸಿ ಏಳು ದಿನ ಪ್ರತ್ಯೇಕವಾಗಿಡುವುದು, ರೋಗ ಖಚಿತವಾದರೆ ಪಾಳೆಯದ ಹೊರಗೆ ಕಳುಹಿಸುವುದು ಇವುಗಳ ವಿಷಯ. ಇದರ ಮೇಲೆ ಹದಿಮೂರರ ಹುಡುಗ ಏನು ಮಾತನಾಡಬೇಕು ಎಂದು ಕುಟುಂಬಗಳು ತಲೆ ಕೆರೆದುಕೊಳ್ಳುತ್ತಿದ್ದವು.

2020ರಲ್ಲಿ ಆ ಭಾಗ ಬಂದದ್ದು ಏಪ್ರಿಲ್ 25ರಂದು. ಕೋವಿಡ್‌ನಿಂದಾಗಿ ಬಹಳಷ್ಟು ದೇಶಗಳಲ್ಲಿ ಜನ ಮನೆಯೊಳಗೇ ಇದ್ದ ದಿನಗಳವು. ಸಿನಗಾಗ್‌ಗಳ ಬಾಗಿಲು ಮುಚ್ಚಿತ್ತು. ಪ್ರತ್ಯೇಕವಾಗಿರುವುದು ಎಂದರೇನು ಎಂಬುದನ್ನು ಆ ವರ್ಷ ಯಾವ ಮಗುವಿಗೂ ವಿವರಿಸಬೇಕಾಗಿರಲಿಲ್ಲ. ಇದೇ ರೋಗಕ್ಕೆ ಸಿಕ್ಕಿದ ಮಿರ್ಯಾಮಳನ್ನು ಏಳು ದಿನ ಪಾಳೆಯದ ಹೊರಗಿಟ್ಟ ಪ್ರಸಂಗ ಅರಣ್ಯಕಾಂಡದಲ್ಲಿದೆ. ಅವಳು ಒಳಗೆ ಬರುವವರೆಗೆ ಜನರು ಅಲ್ಲಿಂದ ಮುಂದಕ್ಕೆ ಹೊರಡಲಿಲ್ಲ. ಹಿಂದೆ ಬುಟ್ಟಿಯ ಬಳಿ ಅವಳು ತಮ್ಮನಿಗಾಗಿ ಕಾದಿದ್ದಳು, ಈಗ ಜನ ಅವಳಿಗಾಗಿ ಕಾದರು ಎಂಬುದು ಇದಕ್ಕೆ ಹಿಂದಿನವರು ಕೊಟ್ಟ ವಿವರಣೆ.

ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ಬರುವ ‘ಸಿಮ್ಹತ್ ತೋರಾ’ ಹಬ್ಬದಂದು ವರ್ಷದ ಓದು ಮುಗಿಯುತ್ತದೆ. ಸುರುಳಿಗಳನ್ನು ಎತ್ತಿಕೊಂಡು ಕುಣಿಯುತ್ತಾರೆ. ಬೇರೆ ದಿನ ಸುರುಳಿಯ ಬಳಿಗೆ ಕರೆಯುವುದು ದೊಡ್ಡವರನ್ನು ಮಾತ್ರ. ಅಂದು ಅಲ್ಲಿರುವ ಮಕ್ಕಳನ್ನೆಲ್ಲ ಒಟ್ಟಿಗೆ ಕರೆದು, ತಲೆಯ ಮೇಲೆ ಒಂದು ದೊಡ್ಡ ಪ್ರಾರ್ಥನಾ ಶಾಲನ್ನು ಚಪ್ಪರದಂತೆ ಹಿಡಿಯುತ್ತಾರೆ.

ಕೊನೆಯ ಭಾಗದಲ್ಲಿ ಮೋಶೆ ಬೆಟ್ಟದ ಮೇಲೆ ನಿಂತು ತಾನು ಕಾಲಿಡಲಾಗದ ನಾಡನ್ನು ನೋಡಿ ಸಾಯುತ್ತಾನೆ. ನಲವತ್ತು ವರ್ಷ ಜನರನ್ನು ನಡೆಸಿದವನಿಗೆ, ಬಂಡೆಗೆ ಕೋಲಿನಿಂದ ಹೊಡೆದ ಒಂದು ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ವ್ಯಾಖ್ಯಾನಕಾರರ ಉತ್ತರಗಳು ಹತ್ತಾರು, ಒಂದೂ ಪೂರ್ತಿ ಸಮಾಧಾನ ಕೊಡುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಸುರುಳಿ ತೆರೆದು ಸೃಷ್ಟಿಯ ಮೊದಲ ದಿನವನ್ನು ಓದಲು ಆರಂಭಿಸಿರುತ್ತಾರೆ. ಉಳಿದ ಪ್ರಶ್ನೆ ಮುಂದಿನ ವರ್ಷಕ್ಕೆ.